ಕಾಕಾನ ಮೂವತ್ತಾರು ಹಲ್ಲಿನ ಗಿಯರು

ಬನಹಟ್ಟಿಯೊಳಗ ಕರೆಂಟ್ ಹೋತಂದ್ರ ಎಲ್ಲಾರೂ ಬೈತಾರ. ನಾನೂ ಕಾಕಾನೂ ಮಾತ್ರ ಒಂದು ಕಾಲಕ್ಕ ಕುಣೀತಿದ್ದಿವಿ. ಮಗ್ಗ ನಿಂತ್ರನ ನಮ್ಮ ಆಟಗಿ ಕಾರು ಓಡತಿದ್ದವು, ಕಾರು ಓಡಿತಂದ್ರ ಒಂದಿಲ್ಲೊಂದು ಫಜೀತಿ ಆಗೇ ಆಗತಿತ್ತು. ಈಗಲೂ ಕರೆಂಟ್ ಹೋದ ಕೂಡಲೆ ಕೈ ತಾನ ಗಿಯರಿನ ಡಬ್ಬಿ ಹುಡುಕತೈತಿ. ಆಮ್ಯಾಲೆ ಕಾಕಾ ಇಲ್ಲಂತ ನೆನಪಾಗತೈತಿ. ಭಾಳ ನೆನಪಾಗತಾನ ನೋಡ್ರಿ.

೧. ಇಲ್ಲದ ಬೇವಿನ ಗಿಡ

ನಾ ಪಾವರ್‌ಲೂಮ್ ರಿಪೇರಿ ಮಾಡಾವ. ಕಾಕಾ ಅದೇ ಕಾರ್ಖಾನಿ ಬಡಿಗ. ಬೀಳಗಿ ಕಡಿಯಾಂವ, ಡ್ಯಾಮಿನ ಹಿನ್ನೀರಾಗ ಊರು ಮುಳುಗಿದ ಮ್ಯಾಲೆ ನಮ್ಮಲ್ಲಿಗೆ ಬಂದಾಂವ. ಒಮ್ಮೆ ಕಾರ್ಖಾನಿ ಸಾವಕಾರ್ರ ಅಳಿಯ ಪುಣೆಯಿಂದ ಎರಡು ಆಟಗಿ ಕಾರು ತಂದಿದ್ದ. ಹಾದಿಯೊಳಗ ಕಾರಿಗೊಂದು ಗೀರು, ಗೀರಿನ ಎರಡೂ ಮಗ್ಗಲು ತಾಮ್ರದ ಪಟ್ಟಿ. ಕಾರಿನ ಮೂಗು ಗೀರಿನ್ಯಾಗ ಸಿಗಿಸಿ, ಕೈಯಾಗಿನ ಗುಂಡಿ ಒತ್ತಿದರ ಓಡತಿದ್ದವು. ಹುಡುಗರು ಹಾದಿ ಮುರದ ಹಾಕಿದರು, ಕಾರು ನಮ್ಮ ಕೈಗೆ ಬಂದವು. ಕಾಕಾ ದೊಡ್ಡ ಪ್ಲೈವುಡ್ ಹಲಗಿ ತಂದು, ಜೋಡಿ ಗೀರು ಕೊರದು ಹೊಸಾ ಹಾದಿ ಮಾಡಿದ. ಟ್ರ್ಯಾಕ್ಟರಿನ ಬ್ಯಾಟರಿ ಹಚ್ಚಿದಿವಿ.

ಹಾದಿ ಒಂದು ಕಡೆ ಸುಮ್ಮಸುಮ್ಮನ ಸೊಟ್ಟ ಇತ್ತು.

"ಕಾಕಾ, ಇಲ್ಲ್ಯಾಕ ಹಿಂಗ ತಿರುವಿದಿ? ನೆಟ್ಟಗ ಹೋಗಬಾರದ?"

"ಹೆಂಗ ಹೋಗತಿ? ನಡಬರಕ ಬೇವಿನ ಗಿಡ ಐತಲ್ಲ!"

ಹಲಗಿಮ್ಯಾಲೆ ಗಿಡ ಎಲ್ಲಿದ್ದೀತು! ಅದು ಅವನ ಮುಳುಗಿದ ಊರಿನ ಹಾದಿ ಅಂತ ಆಗ ತಿಳೀತು. ಹೊರಡೋ ಗೆರಿ ಅವನ ಮನಿ ಹೊಸ್ತಿಲ ಇದ್ದ ಜಾಗ. ನಾ ಬೆರಳು ಹೊಸ್ತಿಲಮ್ಯಾಲೆ ಇಟ್ಟಿದ್ದೆ. "ಲೇ, ಕಾಲು ತೊಳಕೊಂಡಿಯೇನು?" ಅಂದ.

೨. ಸಾವಕಾರ್ರ ಚಹಾ

ಜಮಖಂಡಿಯ ರೇಡಿಯೋ ರಿಪೇರಿಯಾಂವ ನಮಗ ಹಳೇ ಟೇಪ್‌ರೆಕಾರ್ಡರಿನ ಗಿಯರು ಒಂದು ಡಬ್ಬಿ ತುಂಬ ಕೊಟ್ಟಿದ್ದ, ತಾನೂ ಆಡಾಕ ಬರತಿದ್ದ. ಮೋಟಾರಿನ ಗಿಯರಿಗೆ ಒಂಬತ್ತು ಹಲ್ಲು. ಹಿಂದಿನ ಗಾಲಿಗೆ ಇಪ್ಪತ್ತೇಳು ಹಲ್ಲಿಂದು ಹಾಕಿದರ, ಮೋಟಾರು ಮೂರು ಸಲ ತಿರುಗಿದಾಗ ಗಾಲಿ ಒಂದು ಸಲ ತಿರಗತಿತ್ತು. ನನಗ ಮಗ್ಗದ ಗಿಯರು ಬದಲಿ ಮಾಡೋದು ದಿನದ ಕೆಲಸ. ಹಲ್ಲು ಹೆಚ್ಚಿಗಿ ಹಾಕಿದರ ನೇಯೋ ಅರಬಿ ದಟ್ಟ ಆಗತೈತಿ, ಆದರ ಸಾವಕಾಶ ಮುಂದ ಹೋಗತೈತಿ. ಅದೇ ಲೆಕ್ಕ ಇಲ್ಲೂ ಹಿಡದು, ಹಲ್ಲು ಕಡಿಮಿ ಆದರ ಓಟ ಜೋರಂತ ಹದಿನೆಂಟು ಹಲ್ಲಿಂದು ಹಾಕಿ ಮೀಸಿ ತಿರುವಿದೆ.

ಓಡಿತು ಖರೆ. ಆದರ ಅರಬಿಗೆ ತಿರುವಿರಂಗಿಲ್ಲ, ಹಾದಿಗೆ ಇರತಾವ. ಗುಂಡಿ ಬಿಟ್ಟರೂ ನಿಂದ್ರಲಿಲ್ಲ. ಬೇವಿನ ಗಿಡದ ತಿರುವಿನ್ಯಾಗ ಗೀರು ಬಿಟ್ಟು ಹಾರಿ, ಸಾವಕಾರ್ರ ಚಹಾದ ಕಪ್ಪಿನ್ಯಾಗ ಬಿತ್ತು. ಸಾವಕಾರ್ರು ಕಾರು ಎತ್ತಿ ನೋಡಿದರು. "ಸ್ಪೀಡ್ ಛಲೋ ಐತಿ. ಇನ್ನೊಂದು ಚಹಾ ತರಾಕ ಇದನ್ನ ಕಳಸು" ಅಂದರು.

೩. ಎಣ್ಣಿ

ಮಗ್ಗ ಹಚ್ಚೂಕಿಂತ ಮೊದಲ ಎಣ್ಣಿ ಬಿಡೋದು ನಮ್ಮ ಕೈಗೆ ಹತ್ತಿದ ಚಟ. ಒಂದಿನ ಎಣ್ಣಿ ಡಬ್ಬಿ ತಗೊಂಡು ಗಿಯರಿಗೆ, ಗಾಲಿಗೆ, ಗೀರಿಗೆ, ಎಲ್ಲಾಕೂ ಬಿಟ್ಟೆ. ಗುಂಡಿ ಒತ್ತಿದರ ಗಾಲಿ ಗರಗರ ತಿರಗಾಕತ್ತಾವ, ಕಾರು ಇದ್ದಲ್ಲೇ ಐತಿ. ಜಮಖಂಡಿಯಾಂವ ಅದು ಗಿಯರಿನ ತಪ್ಪಂತ ತಿಳದು ಐದು ಸಲ ಗಿಯರು ಬದಲಿ ಮಾಡಿದ. ಕಾಕಾ ಗಲ್ಲಕ್ಕ ಕೈ ಹಚ್ಚಿ ಕುಂತು ನೋಡಿದ.

"ಗಾಲಿ ತಿರಗಾಕತ್ತಾವ, ಊರು ಬರವಲ್ದು" ಅಂದ.

ಎಲ್ಲಾರೂ ಬಿದ್ದು ಬಿದ್ದು ನಕ್ಕಿವಿ. ಕಾಕಾ ಒಬ್ಬನ ನಗಲಿಲ್ಲ. ನನಗ ಅದು ಗೊತ್ತಾದದ್ದು ಮನಿಗೆ ಹೋದ ಮ್ಯಾಲೆ.

೪. ಪಣ

ಜಮಖಂಡಿಯಾಂವ ಪಣ ಕಟ್ಟಿದ. "ಹತ್ತು ಸುತ್ತು. ಗೀರು ಬಿಟ್ಟ ಕಾರು ಸೋತಂಗ. ಗೆದ್ದಾಂವ ಹಲಗಿ ಒಯ್ಯೋದು." ನಾ ಹಿಂದ ಮುಂದ ನೋಡದ "ಆತು" ಅಂದುಬಿಟ್ಟೆ. ಕಾಕಾನ ಮಾರಿ ನೋಡಿದಾಗ ತಿಳೀತು, ನಾ ಅವನ ಊರನ್ನ ಪಣಕ್ಕ ಇಟ್ಟಿದ್ದೆ. ಒಮ್ಮೆ ನೀರು ಒಯ್ದಿತ್ತು, ಈಗ ನನ್ನ ಬಾಯಿ.

"ಕಾಕಾ, ತಪ್ಪಾತು. ನಾನ ಓಡಸ್ತೇನಿ, ಗೆದ್ದು ಕೊಡತೇನಿ."

"ನೀ ಬ್ಯಾಡಪಾ. ಚಹಾ ಕುಡಿಯಾವರ ಭಾಳ ಮಂದಿ ಬಂದಾರ" ಅಂದು ತಾನ ಡಬ್ಬಿಗೆ ಕೈ ಹಾಕಿದ. ಮೂವತ್ತಾರು ಹಲ್ಲಿನ ಗಿಯರು ತಗದ. ಮೋಟಾರು ನಾಕು ಸಲ ತಿರುಗಬೇಕು, ಗಾಲಿ ಒಂದು ಸಲ.

ಜಮಖಂಡಿಯಾಂವ ಹೊಟ್ಟಿ ಹಿಡಕೊಂಡು ನಕ್ಕ. "ಕಾಕಾ, ರೇಸಿಗೆ ಬಂದಿಯೋ, ಬೀಗರ ಮನಿಗೆ ಹೊಂಟಿಯೋ?"

"ಗಡಿಬಿಡಿಲೆ ಹೋದರ ಏನೂ ಕಾಣಂಗಿಲ್ಲ ತಮ್ಮಾ."

ಕರೆಂಟ್ ಹೋತು, ರೇಸ್ ಚಾಲೂ ಆತು. ಜಮಖಂಡಿಯಾಂವ ಎಂಟು ಸುತ್ತು ಮುಗಿಸಿದಾಗ ಕಾಕಾಂದು ಐದು. ನಾ ಬೆರಳು ಮಡಚಿ ಸುತ್ತು ಎಣಸಾಕತ್ತಿದ್ದೆ. ಕಾಕಾಗ ಅದರ ಖಬರಿಲ್ಲ. "ಇದು ಗೌಡ್ರ ಬಾವಿ... ಇದು ಸಾಲಿ... ಇಲ್ಲಿ ಕೆಸರು ಇರತೈತಿ, ಸಾವಕಾಶ..." ಅಂತ ಕಾರಿನ ಕೂಡ ಮಾತಾಡಾಕತ್ತಿದ್ದ. ಒಂಬತ್ತನೇ ಸುತ್ತಿನ್ಯಾಗ ಜಮಖಂಡಿಯಾಂವ ನನ್ನ ಕಡೆ ನೋಡಿ ಕಣ್ಣು ಹೊಡದ. ಅಷ್ಟ್ರಾಗ ಬೇವಿನ ಗಿಡ ಬಂತು. ಅವನ ಕಾರು ಗೀರು ಬಿಟ್ಟು ನೂಲಿನ ಬುಟ್ಟಿಗೆ ಬಿತ್ತು.

"ಗೆದ್ದಿವಿ!" ಅಂತ ಜಿಗದಾಡಿ ನಾ ಬ್ಯಾಟರಿ ತಂತಿ ಕಿತ್ತಿದೆ.

"ಯಾಂವಲೇ ತಂತಿ ಕಿತ್ತಾಂವ?" ಕಾಕಾ ಗುಡುಗಿದ. "ಹಚ್ಚಲೇ ಮೊದಲ! ಮನಿಯಿಂದ ಹೊಂಟೇನಿ, ನಡುದಾರ್‍ಯಾಗ ನಿಂದ್ರಸ್ತಿಯೇನು?"

ಯಾರೂ ನಗಲಿಲ್ಲ. ನಾ ತಂತಿ ಹಚ್ಚಿದೆ. ಅಷ್ಟ್ರಾಗ ಕರೆಂಟ್ ಬಂತು, ಆದರ ಒಬ್ಬರೂ ಮಗ್ಗ ಹಚ್ಚಲಿಲ್ಲ. ಆ ಸಣ್ಣ ಕಾರು ಗಿಡ ದಾಟಿ, ಬಾವಿ ದಾಟಿ, ಸಾಲಿ ದಾಟಿ, ಹತ್ತೂ ಸುತ್ತು ಮುಗಿಸೋತನಕ ಎಲ್ಲಾರೂ ನಿಂತು ನೋಡಿದರು. ಹೊಸ್ತಿಲ ಗೆರಿಮ್ಯಾಲೆ ನಿಂತಿತು. ಕಾಕಾ ಅಂಗಿ ತೋಳಿನಿಂದ ಮಾರಿ ಒರಸಿಕೊಂಡ.

ಜಮಖಂಡಿಯಾಂವ ಮೆಲ್ಲಕ ಕೇಳಿದ, "ಕಾಕಾ, ಮನಿ ಮುಟ್ಟಿದಿಯೇನು?"

"ಮುಟ್ಟಿದೆ ನೋಡಪಾ" ಅಂದ ಕಾಕಾ. "ನಿಂತ್ಯಾಕ? ಒಳಗ ಬಾ, ಚಹಾ ಕುಡದು ಹೋಗೀಯಂತ."