ಬಳೆ ತೊಟ್ಟ ಗ್ರಹದ ಚಳಿಗಾಲ

"ಕಾಣದ ಊರಿನ ಹವಾ ಹೇಳಿ ಯಾರರ ಪಾಸಾಗ್ಯಾರೇನು? ಇದು ಆಗೂ ಮಾತಲ್ಲ" ಎಂದವರು ಮಲ್ಲಪ್ಪ ಕಾಕಾ, ನಮ್ಮಪ್ಪನ ತಮ್ಮ. ಸಂಶಿಯ ನಮ್ಮ ಮನೆಯಲ್ಲಿ ನನಗಿಂತ ಮೊದಲು ಏಳನೆಯ ಇಯತ್ತೆ ಕಂಡವರು ಅವರೊಬ್ಬರೇ. ಹಾಗಾಗಿ ವಿದ್ಯೆಯ ವಿಷಯದಲ್ಲಿ ಅವರ ಮಾತೇ ಕಡೆಯದು. ನಾನಾಗ ಬಿ.ಎಸ್ಸಿ. ಕೊನೆಯ ವರ್ಷ. ಇಲ್ಲದ ಗ್ರಹವೊಂದನ್ನು ಕಲ್ಪಿಸಿಕೊಂಡು ಅದರ ಹವೆ, ಉಷ್ಣತೆ ಲೆಕ್ಕ ಹಾಕಿರೆಂದು ಮೇಡಂ ಪ್ರಾಜೆಕ್ಟ್ ಕೊಟ್ಟಿದ್ದರು. ಅದು ಪಾಸಾಗದಿದ್ದರೆ ಪದವಿಯಿಲ್ಲ.

ಮೊದಲ ಸಲ ಸ್ವಂತದ್ದೊಂದು ಸಿಕ್ಕರೆ ಅದಕ್ಕೆ ಒಡವೆ ಹಾಕದೆ ಇರಲಾಗುವುದಿಲ್ಲ. ಗೆಳತಿಯರು ಬೋಳು ಗ್ರಹದಲ್ಲೇ ತೃಪ್ತರಾದರು. ನಾನು ನನ್ನದರ ನಡುವಿಗೆ ಶನಿಗಿರುವಂಥ ಅಗಲವಾದ ಬಳೆ ತೊಡಿಸಿದೆ. ಭೂಮಿಯಂತೆ ತುಸು ವಾಲಿಸಿದೆ. ಬಿಸಿಲೆಷ್ಟು ಬೀಳುತ್ತದೆ, ಎಷ್ಟು ಪುಟಿದು ಹೋಗುತ್ತದೆ, ಗಾಳಿ ಎಷ್ಟನ್ನು ಹಿಡಿದಿಡುತ್ತದೆ, ಎಲ್ಲ ಲೆಕ್ಕಕ್ಕೆ ಹಿಡಿದೆ. ಬಳೆಯಿಂದ ಬರುವ ಬೆಳಕನ್ನೂ ಬಿಡಲಿಲ್ಲ. ಚಳಿಗಾಲ ಸಂಶಿಯಷ್ಟೇ ಹಿತವಾಗಿ ಬಂತು. ಆ ಖುಷಿಗೆ ಅಲ್ಲಿ ಬಿಳಿಜೋಳವನ್ನೂ ಬಿತ್ತಿಬಿಟ್ಟೆ.

ಮೇಡಂ ಓದಿ, "ಬಳಿ ಬರೇ ಶೋಕಿಗೆ ಹಾಕೀಯೇನವಾ? ಅದರಿಂದ ಮತ್ತೇನೂ ಆಗೂದಿಲ್ಲೇನು? ಸೋಮವಾರ ಸರಿ ಮಾಡಿಕೊಂಡು ಬಾ. ಇಲ್ಲಾಂದ್ರ ನಾ ಸಹಿ ಮಾಡೂದಿಲ್ಲ" ಎಂದರು.

ರವಿವಾರ ಮಧ್ಯಾಹ್ನ ಮಾಳಿಗೆಯ ಮೇಲೆ ಹಾಳೆ ಹರವಿಕೊಂಡು ಕೂತಿದ್ದೆ. ಬಾಜೂಕ್ಕೆ ಕಾಕಾ, ಒಣಗಲು ಹಾಕಿದ್ದ ಕೆಂಪು ಮೆಣಸಿನಕಾಯಿಯನ್ನು ಬಿಸಿಲಿದ್ದ ಕಡೆ ಸರಿಸುತ್ತ ಬೈಯುತ್ತಿದ್ದರು. ದಕ್ಷಿಣ ಮಗ್ಗುಲಿನ ಮನೆಯವರು ತಮ್ಮ ಮಾಳಿಗೆಯ ಮೇಲೆ ಹೊಸದಾಗಿ ನೀರಿನ ಟಾಕಿ ಕಟ್ಟಿಸಿದ್ದರು.

"ಬ್ಯಾಸಿಗ್ಯಾಗ ಬೇಕಂದ್ರ ಈ ಟಾಕಿ ನೆರಳ ಕೊಡೂದಿಲ್ಲ. ಥಂಡ್ಯಾಗ ಬ್ಯಾಡಂದ್ರೂ ತಂದು ಹಾಕತೈತಿ."

ನನ್ನ ಪೆನ್ನು ನಿಂತಿತು. ನನ್ನ ಗ್ರಹದಲ್ಲೂ ಚಳಿಗಾಲದಲ್ಲಿ ಸೂರ್ಯ ಆಚೆ ಮಗ್ಗುಲಿಗೆ ವಾಲುತ್ತಾನೆ. ನಡುವಿನ ಬಳೆಯ ನೆರಳು ಈಚೆ ಅರ್ಧದ ಮೇಲೆ, ಮೊದಲೇ ಬಿಸಿಲು ಕಡಿಮೆಯಿದ್ದಲ್ಲಿಗೇ, ಬೀಳುತ್ತದೆ. ಬಳೆಯ ಬೆಳಕನ್ನು ಲೆಕ್ಕಕ್ಕೆ ಹಿಡಿದವಳು ನೆರಳನ್ನು ಮರೆತಿದ್ದೆ. ಮತ್ತೆ ಲೆಕ್ಕ ಹಾಕಿದರೆ ನೆರಳಿನ ಪಟ್ಟಿಯಲ್ಲಿ ನೀರು ಹೆಪ್ಪುಗಟ್ಟಿತು. ಬಿತ್ತಿದ ಜೋಳವೆಲ್ಲ ಹೋಯಿತು. ಬೆಳೆ ಹೋದದ್ದಕ್ಕೆ ಇಷ್ಟು ಹಿಗ್ಗಿದವರು ನಮ್ಮ ಮನೆತನದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಸೋಮವಾರ ಮೇಡಂ ಸಹಿ ಮಾಡಿದರು.

ಪದವಿ ಪ್ರಮಾಣಪತ್ರ ಕೈಗೆ ಬಂದಾಗ ಮತ್ತೆ ಮೆಣಸಿನಕಾಯಿ ಒಣಗಿಸುವ ಕಾಲ. ಬಸ್ಸಿಳಿದವಳೇ ಮಾಳಿಗೆ ಹತ್ತಿ ಅದನ್ನು ಕಾಕಾನ ಕೈಗೆ ಕೊಟ್ಟೆ. ಟಾಕಿಯ ಮಾತೇ ನನ್ನನ್ನು ಪಾಸು ಮಾಡಿಸಿದ್ದೆಂದೂ ಒಪ್ಪಿಕೊಂಡೆ. ಅವರು ಖಾರದ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಪ್ರಮಾಣಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಅಂದರು:

"ನೆರಳಿನ ಮಾತು ನಂದು, ಹೆಸರು ನಿಂದು. ಇರ್ಲಿ, ಮನಿತನ ಒಂದ ಐತೆಲ್ಲ. ಇದನ್ನ ನಾ ಹಿಡಕೊಂಡು ನಿಂದರತೀನಿ, ನೀ ಮೆಣಸಿನಕಾಯಿ ಸರಸು ಯವ್ವಾ. ನೆರಳ ಬಂತು."