ಮಾವನ ಬೈಕಿಗೊಂದು ಭದ್ರ ಜಾಗ

ನನ್ನ ಮಾವ ತಮ್ಮ ಮಗಳನ್ನು ನನಗೆ ಕೊಡಲು ಒಂದು ಸಂಜೆ ಯೋಚಿಸಿದರು. ತಮ್ಮ ಬೈಕನ್ನು ಕೊಡಲು ಮದುವೆಯಾದ ಮೇಲೆ ವರ್ಷಗಟ್ಟಲೆ ಯೋಚಿಸಿದರು.

ಅವರು ಗ್ರಂಥಪಾಲಕರಾಗಿ ನಿವೃತ್ತರಾದವರು. ಕೊಟ್ಟ ವಸ್ತು ಹೋದ ಹಾಗೆಯೇ ಮರಳಿ ಬರಬೇಕು ಎಂಬುದು ಅವರ ಜೀವನಸಿದ್ಧಾಂತ. ಅವರಿಂದ ಕೊಡೆ ತಂದು ವಾಪಸು ಕೊಟ್ಟರೆ, ಬಿಚ್ಚಿ ಕಡ್ಡಿಗಳನ್ನೆಲ್ಲ ಮುಟ್ಟಿ ನೋಡುತ್ತಾರೆ. (ಮಗಳು ತವರಿಗೆ ಹೋದಾಗಲೂ ಅವಳನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಆಮೇಲೆ ನನ್ನನ್ನು ನೋಡುತ್ತಾರೆ.)

ಅಂಥವರು ಆ ಭಾನುವಾರ ಬೈಕಿನ ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟರು. ಇಟ್ಟರು ಅಂದರೆ ಪೂರ್ತಿ ಇಡಲಿಲ್ಲ. ಇನ್ನೊಂದು ತುದಿಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು. ನಮ್ಮ ಸ್ಕೂಟರ್ ಗ್ಯಾರೇಜಿನಲ್ಲಿ ಬಿಡಿಬಿಡಿಯಾಗಿ ಮಲಗಿತ್ತು. ನನ್ನವಳ ದೊಡ್ಡಮ್ಮ ಮಂಡಿ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದಿದ್ದರು, ನೋಡಲು ಹೋಗದೆ ವಿಧಿಯಿಲ್ಲ.

ನಾನು ವಿಮಾ ಕಚೇರಿಯಲ್ಲಿ ಗುಮಾಸ್ತ. ದಿನವಿಡೀ ಓದುವುದು ಬೇರೆಯವರ ವಾಹನಗಳ ಅಂತ್ಯಕಾಲದ ವೃತ್ತಾಂತ. ಹಾಗಾಗಿ ಮುನ್ನೆಚ್ಚರಿಕೆ ನನ್ನ ರಕ್ತದಲ್ಲೇ ಇದೆ. ಬೈಕಿನ ಪೆಟ್ಟಿಗೆಯಲ್ಲಿದ್ದ ದಾಖಲೆಗಳನ್ನು ತೆಗೆದು ಮಾವನ ಕೈಗೆ ಕೊಟ್ಟೆ. "ದಾರೀಲಿ ಕಳೆದುಹೋದ್ರೆ ಕಷ್ಟ. ನಿಮ್ಮ ಹತ್ರಾನೇ ಇರಲಿ ಮಾವ," ಅಂದೆ. ಅವರು ಮೊದಲ ಬಾರಿಗೆ ನನ್ನನ್ನು ಗೌರವದಿಂದ ನೋಡಿದರು. ಆ ಗೌರವ ಊರ ಆಚೆ ತುದಿಯ ದೊಡ್ಡ ವೃತ್ತದವರೆಗೆ ಬಾಳಿತು.

ಅಲ್ಲಿ ಹಿಂದಿನ ಚಕ್ರ ಕೈಕೊಟ್ಟಿತು. (ಚಕ್ರಕ್ಕೆ ಕೈ ಎಲ್ಲಿಂದ ಬಂತು ಎಂದು ಕೇಳಬೇಡಿ. ಕೊಟ್ಟದ್ದು ನಿಜ.) ಬೈಕು ಸೊಂಟ ಕುಣಿಸತೊಡಗಿತು. ನಾನು ಗಾಬರಿಯಾಗಲಿಲ್ಲ. ವೇಗ ಇಳಿಸಿ, ಎಡಗಡೆಗೆ ಕೈ ತೋರಿಸಿ, ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ. ನಿಲ್ಲಿಸುತ್ತಲೇ, ಇಂಥ ಹೊತ್ತಿನಲ್ಲಿ ಬ್ರೇಕನ್ನು ಏಕೆ ಜೋರಾಗಿ ಒತ್ತಬಾರದು ಎಂಬುದನ್ನು ಹಿಂದೆ ಕೂತವಳಿಗೆ ವಿವರಿಸಿದೆ.

"ಗಾಡಿ ನಿಂತು ಆಗ್ಲೇ ಎಷ್ಟೋ ಹೊತ್ತಾಯ್ತು," ಅಂದಳು ಅವಳು. "ನೀವೂ ನಿಲ್ಲಿಸಿ."

ನನ್ನವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾಳೆ. ಮುಚ್ಚಿದ ಬಾಯಿ ತೆರೆಸುವುದು, ತೆರೆದ ಬಾಯಿ ಮುಚ್ಚಿಸುವುದು, ಎರಡೂ ಅವಳಿಗೆ ಕರಗತ.

"ತಳ್ಳಿಕೊಂಡು ಹೋಗೋಣ. ಇಲ್ಲೇ ಎಲ್ಲಾದ್ರೂ ಪಂಕ್ಚರ್ ಅಂಗಡಿ ಇರುತ್ತೆ."

"ಗಾಳಿ ಇಲ್ಲದೆ ತಳ್ಳಿದ್ರೆ ಟೈರು ಹರಿದುಹೋಗುತ್ತೆ. ನಿಮ್ಮಪ್ಪನ ಟೈರು."

"ಹಾಗಾದ್ರೆ ಆ ಔಷಧಿ ಅಂಗಡಿ ಮುಂದೆ ನಿಲ್ಲಿಸಿ, ಅಂಗಡಿಯವನನ್ನ ಕರ್ಕೊಂಡು ಬರೋಣ."

"ಅಲ್ಲಿ ಜನ ಅವಸರದಲ್ಲಿ ಓಡಾಡ್ತಾರೆ. ತಗುಲಿ ಬೀಳಿಸ್ತಾರೆ."

"ಆ ಮರದ ಕೆಳಗೆ?"

"ಕೊಂಬೆ ಬಿದ್ದ ಕೇಸು ಹೋದ ತಿಂಗಳು ತಾನೇ ನನ್ನ ಮೇಜಿಗೆ ಬಂದಿತ್ತು."

"ಆ ಗೋಡೆ ಪಕ್ಕ?"

"ಗೋಡೆ ಬಿದ್ದ ಕೇಸೂ ಇದೆ."

"ಆಕಾಶ ಬಿದ್ದ ಕೇಸು ಇದ್ಯಾ?"

ಅಷ್ಟರಲ್ಲಿ ರಸ್ತೆಯಾಚೆ ನನಗೆ ಪೊಲೀಸ್ ಠಾಣೆ ಕಂಡಿತ್ತು. ಅದರ ಪಕ್ಕದಲ್ಲೇ ಒಂದು ಅಂಗಳ. ಎತ್ತರದ ಕಾಂಪೌಂಡು, ತಗಡಿನ ಚಾವಣಿ, ಅಗಲವಾಗಿ ತೆರೆದ ಗೇಟು. ಒಳಗೆ ಬೈಕುಗಳು ಶಿಸ್ತಾಗಿ ಸಾಲಾಗಿ ನಿಂತಿದ್ದವು, ನಡುವೆ ನಮ್ಮದಕ್ಕೆಂದೇ ಬಿಟ್ಟ ಹಾಗೆ ಒಂದು ಜಾಗ. ಭೂಮಂಡಲದಲ್ಲಿ ಇದಕ್ಕಿಂತ ಭದ್ರವಾದ ಸ್ಥಳ ಇನ್ನೊಂದಿರಲು ಸಾಧ್ಯವೇ?

"ಯಾರನ್ನಾದ್ರೂ ಒಂದು ಮಾತು ಕೇಳಿ," ಅಂದಳು.

"ಯಾರೂ ಇಲ್ವಲ್ಲ. ಇದ್ದಿದ್ರೆ ಕೇಳ್ತಿದ್ದೆ."

ಬೈಕನ್ನು ಹೆಜ್ಜೆ ಹೆಜ್ಜೆಯಾಗಿ ರಸ್ತೆ ದಾಟಿಸಿ ಒಳಗೆ ತಂದೆ, ಎತ್ತಿ ನಡುಸ್ಟ್ಯಾಂಡಿಗೆ ಹಾಕಿದೆ, ಹ್ಯಾಂಡಲ್ ಲಾಕ್ ಮಾಡಿದೆ, ಅಕ್ಕಪಕ್ಕದ ಗಾಡಿಗಳ ಸಾಲಿಗೆ ಗೆರೆ ಕೊರೆದಂತೆ ಹೊಂದಿಸಿದೆ. ಹೊರಗೆ ಬಂದು ಒಮ್ಮೆ ತಿರುಗಿ ನೋಡಿದೆ. ಮನಸ್ಸು ತುಂಬಿ ಬಂತು.

ಪಂಕ್ಚರ್ ಅಂಗಡಿ ಮುಂದಿನ ತಿರುವಿನಲ್ಲೇ ಇತ್ತು. ಆದರೆ ನಾವು ಹಿಂದಿನ ತಿರುವಿನಿಂದ ಹುಡುಕಲು ಶುರುಮಾಡಿದ್ದರಿಂದ ಊರನ್ನೊಂದು ಸುತ್ತು ಹಾಕಿ ಅಲ್ಲಿಗೆ ತಲುಪಿದೆವು. ಅಂಗಡಿಯವನು ಸಾಮಾನಿನ ಚೀಲ ಹಿಡಿದು ನಮ್ಮ ಜೊತೆ ಬಂದ. ಅಂಗಳದ ಗೇಟಿನ ಹತ್ತಿರ ಅವನು ನಿಂತುಬಿಟ್ಟ.

"ಇಲ್ಲೇನಾ ಸಾರ್?"

"ಇಲ್ಲೇ."

"ನೀವು ಮಾತಾಡಿ ಬನ್ನಿ. ನಾನು ಹೊರಗಡೆ ಇರ್ತೀನಿ."

ಒಳಗೆ ಹೋದೆ, ಹಿಂದೆ ಅವಳೂ ಬಂದಳು. ಮಾವ ದಿನಾ ಮೆತ್ತನೆ ಬಟ್ಟೆಯಿಂದ ಒರೆಸುವ ಟ್ಯಾಂಕಿನ ಮೇಲೆ ಯಾರೋ ಸೀಮೆಸುಣ್ಣದಲ್ಲಿ ದಪ್ಪಗೆ ನಂಬರು ಬರೆದಿದ್ದರು. ಸಾಲಿನ ಎಲ್ಲ ಚಕ್ರಗಳ ನಡುವೆ ಹಾಯಿಸಿದ್ದ ಒಂದೇ ಉದ್ದದ ಸರಪಳಿ ನಮ್ಮ ಚಕ್ರದೊಳಗೂ ತೂರಿ ಹೋಗಿತ್ತು. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಒಬ್ಬ ಪೇದೆ ಕೂತಿದ್ದ.

"ಯಾವ ಕೇಸು?" ಎಂದ.

"ಕೇಸು ಇಲ್ಲ."

"ಇಲ್ಲಿರೋವೆಲ್ಲ ನಾವು ಹಿಡಿದು ತಂದಿರೋ ಗಾಡಿಗಳು. ಕೇಸಿಲ್ಲದೆ ಒಂದೂ ಇಲ್ಲ."

"ಇದನ್ನ ನಾನೇ ತಂದದ್ದು."

ಪೇದೆ ಎದ್ದು ನಿಂತ. "ತಾವೇ ತಂದು ಒಪ್ಪಿಸಿದ್ರಾ?"

"ಒಪ್ಪಿಸಿಲ್ಲ ಸಾರ್. ನಿಲ್ಲಿಸಿದ್ದೆ."

"ಗಾಡಿ ಯಾರದು?"

"ಮಾವಂದು."

"ಮಾವನಿಗೆ ಗೊತ್ತಾ?"

"ತಗೊಂಡಿದ್ದು ಗೊತ್ತು. ತಂದಿದ್ದು ಗೊತ್ತಿಲ್ಲ."

"ದಾಖಲೆ?"

ದಾಖಲೆಗಳ ಭದ್ರತೆಗಾಗಿ ನಾನು ಕೈಗೊಂಡಿದ್ದ ಕ್ರಮವನ್ನು ವಿವರಿಸಿದೆ. ಪೇದೆ ಪೂರ್ತಿ ಕೇಳಿ, ನನ್ನವಳ ಕಡೆ ನೋಡಿದ. ಆ ನೋಟದಲ್ಲಿ ಕನಿಕರವಿತ್ತು. ಅವಳು ಅದನ್ನು ಸ್ವೀಕರಿಸಿದಳು.

ಮಾವನಿಗೆ ಫೋನು ಮಾಡುವ ಗೌರವವನ್ನು ಅವಳು ನನಗೇ ಬಿಟ್ಟುಕೊಟ್ಟಳು.

"ಮಾವ, ಗಾಡಿಗೆ ಏನೂ ಆಗಿಲ್ಲ," ಅಂತ ಶುರುಮಾಡಿದೆ. "ತುಂಬ ಭದ್ರವಾಗಿದೆ. ಪೊಲೀಸರ ಹತ್ರ ಇದೆ."

ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದಾಖಲೆಗಳನ್ನು ಎದೆಗೊತ್ತಿಕೊಂಡು ಆಟೋದಿಂದ ಇಳಿದರು. ನನ್ನನ್ನು ದಾಟಿಕೊಂಡು ನೇರ ಬೈಕಿನ ಹತ್ತಿರ ಹೋದರು. ಸುತ್ತ ಒಂದು ಬಾರಿ ನಡೆದರು. ಕರವಸ್ತ್ರ ತೆಗೆದು ಟ್ಯಾಂಕಿನ ಮೇಲಿನ ನಂಬರು ಒರೆಸಿದರು. ಯಾರನ್ನೂ ಬಯ್ಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಪೇದೆ ದಾಖಲೆ ಬಿಡಿಸಿ, ಇಂಜಿನ್ ನಂಬರು ಕೇಳಿದ. ಮಾವ ಬೈಕಿನ ಕಡೆ ನೋಡದೆ, ಕಣ್ಣು ಮುಚ್ಚಿ ಹೇಳಿದರು. ಒಂದಂಕಿಯೂ ತಪ್ಪಲಿಲ್ಲ.

"ಸರಿ, ಗಾಡಿ ನಿಮ್ಮದೇ," ಎಂದ ಪೇದೆ. ಆಮೇಲೆ ನನ್ನ ಕಡೆ ಗದ್ದ ತೋರಿಸಿ, "ಇವರು ನಿಮ್ಮ ಅಳಿಯ ಅಂತೆ. ಹೌದಾ?" ಎಂದು ಕೇಳಿದ.

ಮಾವ ನನ್ನನ್ನು ನೋಡಿದರು. ಗುರುತಿಗೆ ಅನುಕೂಲವಾಗಲಿ ಎಂದು ನಾನು ನೆಟ್ಟಗೆ ನಿಂತೆ. ಅವರು ಮಗಳ ಕಡೆ ತಿರುಗಿದರು. ಅವಳು ಹೌದೆಂದು ತಲೆಯಾಡಿಸಿದಳು. ಅದೂ ಕೂಡಲೇ ಅಲ್ಲ.

"ಹಾಗಂತಾರೆ," ಅಂದರು ಮಾವ.

ಪೇದೆ ಸರಪಳಿ ಬಿಚ್ಚಿದ. ಪಂಕ್ಚರಿನವನು ಧೈರ್ಯವಾಗಿ ಒಳಗೆ ಬಂದು ಕೆಲಸ ಹಿಡಿದ. ಆ ಹೊತ್ತಿನಲ್ಲಿ ಮಾವ ಕಾಂಪೌಂಡು, ಚಾವಣಿ, ಗೇಟು ಎಲ್ಲವನ್ನೂ ನಿಧಾನವಾಗಿ ನೋಡುತ್ತಿದ್ದರು.

"ಜಾಗ ಚೆನ್ನಾಗಿದೆ. ನೆರಳಿದೆ, ಕಾವಲೂ ಇದೆ," ಅಂದರು. ನನ್ನ ಎದೆ ಒಂದು ಗೇಣು ಉಬ್ಬಿತು. ಕೊನೆಗೂ ನನ್ನ ಆಯ್ಕೆಯನ್ನು ಅರ್ಥಮಾಡಿಕೊಂಡವರು ಒಬ್ಬರಿದ್ದರು.

ಮಾವ ಪೇದೆಯ ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ ವಿನಯವಾಗಿ ಕೇಳಿದರು. "ಇವರ ಸ್ಕೂಟರ್ ರಿಪೇರಿ ಆಗೋ ತನಕ ನಮ್ಮ ಗಾಡಿ ಇಲ್ಲೇ ಇರಲಿ ಅಂದ್ರೆ, ಅವಕಾಶ ಇದ್ಯಾ?"

ಅವಕಾಶ ಇರಲಿಲ್ಲ.

ಮಾವ ಬೈಕು ಹತ್ತಿದರು. ಮಗಳು ಹಿಂದೆ ಕೂತಳು. "ನಾನು ಇವಳನ್ನ ದೊಡ್ಡಮ್ಮನ ಮನೆಗೆ ಬಿಡ್ತೀನಿ. ನೀವು ಹುಷಾರಾಗಿ ಬನ್ನಿ," ಅಂದರು. ಯಾವುದರಲ್ಲಿ ಬರಬೇಕು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಬೈಕು ಗೇಟು ದಾಟಿ, ಎಡಕ್ಕೆ ಕೈ ತೋರಿಸಿ, ತಿರುಗಿ ಹೋಯಿತು.

ಬೈಕು ನಿಂತಿದ್ದ ಜಾಗ ಖಾಲಿಯಾಗಿತ್ತು. ಬಿಸಿಲು ಜೋರಾಗಿದ್ದರಿಂದ ನಾನು ಆ ನೆರಳಲ್ಲಿ ಸ್ವಲ್ಪ ನಿಂತೆ.

ಪೇದೆ ಕುರ್ಚಿಯಿಂದಲೇ ಕೈಬೀಸಿದ.

"ರೀ, ಇಲ್ಲಿ ನಿಲ್ಲೋ ಹಾಗಿಲ್ಲ. ನಿಮ್ಮನ್ನ ಬಿಡಿಸ್ಕೊಂಡು ಹೋಗೋಕೆ ಯಾರೂ ಬರೋ ಹಾಗೆ ಕಾಣಿಸ್ತಿಲ್ಲ."