ಷಡ್ಡಕನಿಗೆ ಹಾಲ್ಡಿಶ್‌ನಲ್ಲಿ ಏನಂತಾರೆ?

ನನ್ನ ಸೋದರಮಾವನಿಗೆ ಜಗತ್ತಿನಲ್ಲಿ ಬೇರೆ ಯಾರಿಗೂ ಬಾರದ ಒಂದು ಭಾಷೆ ಬರುತ್ತಿತ್ತು. ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ, ಇದು ಬರೀ ಲೆಕ್ಕ. ಆ ಭಾಷೆ ಆಡುವವರು ಇಡೀ ಭೂಮಂಡಲದಲ್ಲಿ ಒಬ್ಬರೇ ಇದ್ದರು, ಆ ಒಬ್ಬರು ಆಲ್ದೂರಿನಿಂದ ನಾಲ್ಕು ಮೈಲಿ ದೂರದ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ರೈಟರ್ ಎಂದೊಡನೆ ಕಥೆ ಕಾದಂಬರಿಗೆ ಹೋಗಬೇಡಿ. ನಮ್ಮ ಕಡೆ ರೈಟರ್ ಎಂದರೆ ಆಳುಗಳ ಹಾಜರಿ, ಮಳೆಯ ಅಳತೆ ಬರೆದಿಡುವ ಗುಮಾಸ್ತ. ಮಾವ ಎರಡೂ ಅರ್ಥದಲ್ಲಿ ರೈಟರ್ ಎಂಬುದು ಎಸ್ಟೇಟಿನ ಸಾಹುಕಾರರಿಗೆ ಸ್ವಲ್ಪ ತಡವಾಗಿ ಗೊತ್ತಾಯಿತು.

ಭಾಷೆಯ ಹೆಸರು ಹಾಲ್ಡಿಶ್. ಜರ್ಮನ್, ಡಚ್, ಇಂಗ್ಲಿಷ್ ಎಲ್ಲ ಅಕ್ಕತಂಗಿಯರಂತೆ, ಹಾಲ್ಡಿಶ್ ಅವರ ಕೊನೇ ತಂಗಿಯಂತೆ. ಸಣ್ಣವಳಿದ್ದಾಗಲೇ ಕಳೆದುಹೋಗಿದ್ದಳಂತೆ, ಮಾವ ಹುಡುಕಿ ತಂದರಂತೆ. ಎಲ್ಲಿಂದ ತಂದರು? ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಜೊತೆ ಒಂದು ಜರ್ಮನ್ ಕೈಪಿಡಿ ಬಂದಿತ್ತು. ಅದನ್ನು ಓದುತ್ತಾ ಓದುತ್ತಾ ಹೊಳೆಯಿತು ಎಂದು ಮಾವ ಹೇಳುತ್ತಿದ್ದರು. ನಾವು ನಂಬಿದ್ದೆವು.

ನಾವು ಎಂದರೆ ತೊಂಬತ್ತರ ದಶಕದ ಬೇಸಿಗೆ ರಜೆಗಳಲ್ಲಿ ಅವರ ಕ್ವಾರ್ಟರ್ಸಿಗೆ ದಾಳಿ ಇಡುತ್ತಿದ್ದ ಐದಾರು ಮಕ್ಕಳು. ಮಾವ, ಅತ್ತೆಗೆ ಮಕ್ಕಳಿರಲಿಲ್ಲ. ಹಾಗಾಗಿ ಬಂಧುಬಳಗದ ಮಕ್ಕಳೆಲ್ಲ ಅಲ್ಲೇ. "ಮಕ್ಕಳಿಲ್ಲದ ಮನೆ ಅಂದ್ರು, ಬಾಗಿಲಲ್ಲಿ ಇಷ್ಟು ಸಣ್ಣ ಚಪ್ಪಲಿ ಯಾರದು?" ಎಂದು ಹೊಸದಾಗಿ ಬಂದ ಮೇಸ್ತ್ರಿಯೊಬ್ಬರು ತಬ್ಬಿಬ್ಬಾಗಿದ್ದುಂಟು. ಮಾತಾಡುವವರು ಮಾತ್ರ ಮಾತಾಡುತ್ತಲೇ ಇದ್ದರು. ಮದುವೆ ಮುಂಜಿಗಳಲ್ಲಿ ಅತ್ತೆ ಯಾವಾಗಲೂ ಪಾತ್ರೆಗಳ ಹತ್ತಿರವೇ ಇರುತ್ತಿದ್ದುದು ಯಾಕೆ ಎಂದು ಆಗ ನನಗೆ ತಿಳಿಯುತ್ತಿರಲಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಮಾವನಿಗೆ ಹಾಲ್ಡಿಶ್ ಹಾಗೆ. ಅದಕ್ಕೊಂದು ಚರಿತ್ರೆಯೂ ಇತ್ತು. ಹಾಲ್ಡರು ಉತ್ತರದ ಯಾವುದೋ ಸಮುದ್ರದ ದಂಡೆಯವರು. ಸಮುದ್ರ ವರ್ಷವರ್ಷವೂ ಅವರ ಹೊಲ ನುಂಗುತ್ತಿತ್ತು. ಬೇಸತ್ತ ರಾಜ, ಸಮುದ್ರ ಹತ್ತಿ ಬರಲಾರದ ಊರಿಗೆ ಹೋಗೋಣ ಎಂದು ಪ್ರಜೆಗಳನ್ನೆಲ್ಲ ಹಡಗಿಗೆ ತುಂಬಿಕೊಂಡು ಮಂಗಳೂರಿನಲ್ಲಿ ಇಳಿದ. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ಎಲ್ಲರೂ ನೀರುದೋಸೆ ತಿಂದರು. ಮುಂದೆ ಹೆಜ್ಜೆ ಇಡುವಷ್ಟರಲ್ಲಿ ಕಾಲಿಗೆ ರಕ್ತ ಹೀರುವ ಇಂಬಳ ಹತ್ತಿದವು. ಸಮುದ್ರವನ್ನು ತಡೆದುಕೊಂಡಿದ್ದ ಜನ ಇಂಬಳ ತಡೆಯಲಾರದೆ ವಾಪಸ್ ಹೋದರು!

"ಇದು ಯಾವ ಪುಸ್ತಕದಲ್ಲಿದೆ ಮಾವ?"

"ಎಂತ ಪ್ರಶ್ನೆ ಮಾರಾಯ್ತಿ. ಬರೀತಾ ಇದೀನಲ್ಲ, ಕಾಣ್ಸಲ್ವಾ?"

ಅತ್ತೆಗೆ ಈ ಭಾಷೆಯ ಬಗ್ಗೆ ಕಿಂಚಿತ್ತೂ ಗೌರವವಿರಲಿಲ್ಲ. "ಕನ್ನಡಕ್ಕೆ ಗಂಟಲು ಕೆಟ್ರೆ ಹಾಲ್ಡಿಶ್ ಆಗುತ್ತೆ" ಎನ್ನುತ್ತಿದ್ದರು. ಹಾಲ್ಡಿಶ್‌ನಲ್ಲಿ ಜೀವವಿಲ್ಲದ ವಸ್ತುಗಳಿಗೂ ಗಂಡು ಹೆಣ್ಣೆಂಬ ಭೇದವಿತ್ತು. ಪಲ್ಪರ್ ಸ್ತ್ರೀಲಿಂಗ ಎಂದು ಮಾವ ಒಂದು ಬೆಳಿಗ್ಗೆ ಘೋಷಿಸಿದರು.

"ಯಾಕ್ರೀ?" ಅತ್ತೆ ಅಡುಗೆಮನೆಯಿಂದಲೇ ಕೇಳಿದರು.

"ಸೀಸನ್ನಿಡೀ ಸದ್ದು ಮಾಡುತ್ತೆ."

"ಸೀಸನ್ನಿಡೀ ದುಡಿಯುತ್ತೆ ಅನ್ನಿ. ಹಂಗಾದ್ರೆ ನಿಮ್ಮ ಈಸಿಚೇರು ಪುಲ್ಲಿಂಗ ಅಂತ ಬರ್ಕೊಳಿ."

ಮಾವ ನಿಜವಾಗಿಯೂ ಬರೆದುಕೊಂಡರು.

ಸಾಹುಕಾರರಿಗೆ ಗೊತ್ತಾದ ಸಂಗತಿ ಹೇಳುತ್ತೇನೆ. ಮಲೆನಾಡಿನ ಮಳೆಗೆ ಕನ್ನಡವೇ ಸಾಲದು ಎಂಬುದು ಮಾವನ ಅಭಿಪ್ರಾಯ. ಕೊಡೆ ಬಿಚ್ಚಿದರೆ ನಿಂತು, ಮಡಚಿದ ಕೂಡಲೇ ಶುರುವಾಗುವ ಮಳೆಗೆ ಅವರು 'ಷೆಲ್ಮ್‌ರಾಗ್' ಎಂಬ ಪದ ಮಾಡಿದ್ದರು. ಷೆಲ್ಮ್ ಎಂದರೆ ಕಳ್ಳ, ರಾಗ್ ಎಂದರೆ ಮಳೆ. ಮಾಡಿದ್ದರೆ ಮಾಡಿಕೊಳ್ಳಲಿ, ಎಸ್ಟೇಟಿನ ಮಳೆ ಪುಸ್ತಕದಲ್ಲಿ 'ಕೆಳಗಿನ ತೋಟದಲ್ಲಿ ಎರಡು ದಿನದಿಂದ ಷೆಲ್ಮ್‌ರಾಗ್ ಜಾಸ್ತಿ' ಎಂದು ಬರೆಯುವುದೇ? ಸಾಹುಕಾರರು ಅದನ್ನು ಓದಿ, ಕಾಫಿ ಗಿಡಕ್ಕೆ ಹೊಸ ರೋಗ ಬಂತೆಂದು ಗಾಬರಿಯಾಗಿ ಚಿಕ್ಕಮಗಳೂರಿಗೆ ಜೀಪು ಓಡಿಸಿದರು. ಔಷಧಿ ಅಂಗಡಿಯವನು ಇನ್ನೆಂಥ ಘಾಟಿ ಇರಬೇಕು! "ಷೆಲ್ಮ್‌ರಾಗಿಗಾ? ಸ್ಟಾಕ್ ಖಾಲಿ ಸಾರ್, ಸೋಮವಾರ ಬನ್ನಿ" ಎಂದು ಹೇಳಿ ಕಳಿಸಿದನಂತೆ.

ನಮಗೆ ಮಕ್ಕಳಿಗೆ ಇದಕ್ಕಿಂತ ದೊಡ್ಡ ವಿಷಯ ಮಾವನ ಪಂದ್ಯ. ಹಾಲ್ಡಿಶ್‌ನಲ್ಲಿ ಇಲ್ಲದ ಒಂದೇ ಒಂದು ಕನ್ನಡ ಪದ ಹೇಳಿದರೆ ಅವರ ಮೂರು ಸೆಲ್ಲಿನ ಟಾರ್ಚು ನಮ್ಮದು. ಆ ಟಾರ್ಚಿಗಾಗಿ ನಾವು ರಜೆಗಟ್ಟಲೆ ತಲೆ ಕೆಡಿಸಿಕೊಂಡಿದ್ದೇವೆ.

"ಎಂಜಲು?"

"ಮುಂಡ್‌ನಾಸ್. ಮುಂಡ್ ಅಂದ್ರೆ ಬಾಯಿ, ನಾಸ್ ಅಂದ್ರೆ ಒದ್ದೆ. ಪಾಪ, ಇಂಗ್ಲಿಷಿಗೇ ಈ ಪದ ಇಲ್ಲ."

"ಹೊಟ್ಟೆಕಿಚ್ಚು?"

"ಬೌಖ್‌ಫೊಯರ್. ಬೌಖ್ ಹೊಟ್ಟೆ, ಫೊಯರ್ ಕಿಚ್ಚು."

ಒಮ್ಮೆ ನನ್ನ ಅಣ್ಣ ಇಡೀ ದಿನ ಯೋಚಿಸಿ, ಹೆಂಡತಿಯ ಅಕ್ಕತಂಗಿಯರ ಗಂಡನನ್ನು ಕರೆಯುವ ಪದ ಯಾವ ವಿದೇಶಿ ಭಾಷೆಯಲ್ಲೂ ಇರಲು ಸಾಧ್ಯವಿಲ್ಲ ಎಂದು ಖಾತ್ರಿ ಮಾಡಿಕೊಂಡು ಬಂದ. "ಷಡ್ಡಕನಿಗೆ ಹಾಲ್ಡಿಶ್‌ನಲ್ಲಿ ಏನಂತಾರೆ?"

ಮಾವ ಕಣ್ಣು ಮಿಟುಕಿಸಲಿಲ್ಲ. "ಷಾಡ್ಡಾಖ್."

"ಅದು ಕನ್ನಡಾನೇ ಅಲ್ವಾ ಮಾವ, ಮೋಸ!"

"ಕನ್ನಡದವರು ನಮ್ಮಿಂದ ತಗೊಂಡಿದ್ದು. ಕೊಟ್ಟಿಗೆಹಾರದಲ್ಲಿ."

ಕೇಳಿದ ಕ್ಷಣದಲ್ಲೇ ಪದ ಹುಟ್ಟಿಸುತ್ತಾರೆ ಎಂಬುದು ನಮಗೂ ಗೊತ್ತಿತ್ತು. ಆದರೆ ಸಾಬೀತು ಮಾಡುವುದು ಹೇಗೆ?

ನನಗೆ ಆಗ ಒಂಬತ್ತು ವರ್ಷ. ಕಳಸದ ನೆಂಟರ ಮನೆಯಲ್ಲಿ ಸೀಮಂತ. ಬಸುರಿಗೆ ಬಳೆ ತೊಡಿಸಲು ಅತ್ತೆ ಮುಂದೆ ಬಂದಾಗ ಹಿರಿಯ ಹೆಂಗಸೊಬ್ಬರು ಅವರ ಕೈ ತಡೆದು ಪಕ್ಕದವರಿಗೆ ಮೆಲ್ಲಗೆ ಒಂದು ಪದ ಹೇಳಿದರು. ಅತ್ತೆ ಬಳೆಗಳನ್ನು ತಟ್ಟೆಯಲ್ಲಿಟ್ಟು ಹಿಂದೆ ಸರಿದರು. ಪದ ನನಗೆ ಹೊಸದು. ಮಾವ ಕೂಡ ಕೇಳಿರಲಿಕ್ಕಿಲ್ಲ ಎಂದು ಸಂಭ್ರಮದಿಂದ ನೆನಪಿಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಕ್ವಾರ್ಟರ್ಸಿನಲ್ಲಿ ಅಮ್ಮನೂ ಸೇರಿ ಎಲ್ಲರೂ ತಿಂಡಿಗೆ ಕೂತಿದ್ದಾಗ ಕೇಳಿಯೇಬಿಟ್ಟೆ. "ಮಾವ, ಬಂಜೆ ಅನ್ನೋದಕ್ಕೆ ಹಾಲ್ಡಿಶ್‌ನಲ್ಲಿ ಏನು?"

ಒಲೆಯ ಹತ್ತಿರ ಅಕ್ಕಿರೊಟ್ಟಿ ತಟ್ಟುತ್ತಿದ್ದ ಸದ್ದು ನಿಂತಿತು. ಮಾವ ಎದ್ದು ಹೋಗಿ ತಮ್ಮ ಪದಗಳ ಪುಸ್ತಕ ತಂದರು. ಬೇರೆ ಯಾವ ಪದಕ್ಕೂ ಅವರು ಪುಸ್ತಕ ತೆಗೆದವರಲ್ಲ. ಹಾಳೆಗಳನ್ನು ಒಂದೊಂದಾಗಿ ತಿರುವಿದರು.

"ಇಲ್ಲ ಪುಟ್ಟಿ. ಆ ಪದ ಇಲ್ಲ."

"ಸರಿಯಾಗಿ ನೋಡಿ ಮಾವ."

"ನೋಡ್ದೆ. ನಮ್ಮ ಭಾಷೇಲಿ ಅದು ಇಲ್ಲವೇ ಇಲ್ಲ. ನಾನು ಸೋತೆ."

ಹಾಡುಹಗಲಲ್ಲಿ ಟಾರ್ಚು ಹಾಕಿಕೊಂಡು ಮನೆಯೆಲ್ಲ ಕುಣಿದೆ. ಅತ್ತೆಯ ಮುಖಕ್ಕೂ ಬಿಟ್ಟೆ. ಅವರು ಕಣ್ಣು ಒರೆಸಿಕೊಂಡು ನಕ್ಕರು. ಅಮ್ಮ ನನ್ನ ತಲೆಗೊಂದು ಮೊಟಕಿ ಟಾರ್ಚು ಕಿತ್ತುಕೊಳ್ಳಲು ಬಂದರೆ ಮಾವ ಬಿಡಲಿಲ್ಲ. "ಮಗು ಗೆದ್ದಿದ್ದು. ಇರ್ಲಿ ಬಿಡಕ್ಕ" ಎಂದರು.

ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಗುಡ್ಡಗಳ ತುಂಬ ಹೋಂಸ್ಟೇಗಳು ಎದ್ದಿದ್ದವು. ಅತ್ತಿಗುಂಡಿಯ ಕಡೆ ಒಂದಕ್ಕೆ ಜರ್ಮನಿಯ ಮುದುಕರೊಬ್ಬರು ಬಂದಾಗ ಮಾವನನ್ನು ಕರೆದೊಯ್ಯಲು ಜೀಪು ಬಂತು. "ರೈಟ್ರೇ, ನಿಮಗೆ ಜರ್ಮನ್ ಬರುತ್ತಲ್ಲ, ಬಂದು ಒಂಚೂರು ಮಾತಾಡ್ಸಿ." ಮಾವ ಕೋಟು ಹಾಕಿಕೊಂಡು ಹೊರಟರು. ಮರ್ಯಾದೆ ಹೋದರೆ ಹಿಡಿದುಕೊಳ್ಳಲು ನಾನೂ ಹೋದೆ. ಅರ್ಧ ಗಂಟೆ ಮಾವ ಹಾಲ್ಡಿಶ್‌ನಲ್ಲಿ ಮಾತಾಡಿದರು, ಅತಿಥಿ ಕೈಕಟ್ಟಿ ಕೇಳಿದರು. ಕೊನೆಗೆ ಇಂಗ್ಲಿಷಿನಲ್ಲಿ, "ಇವರ ಮಾತು ನನ್ನ ಅಜ್ಜಿಯ ಹಳ್ಳಿಯ ಮಾತಿನಂತೆಯೇ ಇದೆ. ನನಗೆ ಅದೂ ಅರ್ಥವಾಗುತ್ತಿರಲಿಲ್ಲ" ಎಂದರು. ಮಾವ ಮೊದಲಿನ ಅರ್ಧ ಮಾತ್ರ ಕೇಳಿಸಿಕೊಂಡರು. ಒಂದು ತಿಂಗಳು ಅವರ ಕಾಲು ನೆಲದ ಮೇಲೆ ಇರಲಿಲ್ಲ.

ಆಮೇಲೆ ನನಗೆ ಮದುವೆಯಾಯಿತು, ಮೂಡಿಗೆರೆ ಸೇರಿದೆ. ಆರು ವರ್ಷವಾದರೂ ಮಕ್ಕಳಾಗಲಿಲ್ಲ. ಒಂದು ನಾಮಕರಣದಲ್ಲಿ ತೊಟ್ಟಿಲಿನ ಹತ್ತಿರ ಹೋದಾಗ ಬೆನ್ನ ಹಿಂದೆ ಆ ಪದ ಕೇಳಿಸಿತು. ಈ ಸಲ ಅದು ನನಗೆ ಹೊಸದಾಗಿರಲಿಲ್ಲ. ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ. ತವರಿಗೆ ಹೋಗಲಿಲ್ಲ, ಆಲ್ದೂರಿಗೆ ಹೋದೆ. ಮಾವ ಕೆಲಸ ಬಿಟ್ಟು ಪೇಟೆಯಲ್ಲೇ ಸಣ್ಣ ಮನೆ ಮಾಡಿದ್ದರು. ಪುಲ್ಲಿಂಗದ ಈಸಿಚೇರಿನಲ್ಲಿ ಕೂತಿದ್ದರು.

"ಮಾವ, ನಾನು ಟಾರ್ಚು ಗೆದ್ದ ಪದ ನೆನಪಿದೆಯಾ? ಷಡ್ಡಕನಿಗೇ ಪದ ಮಾಡಿದೋರು ಅದೊಂದನ್ನ ಯಾಕೆ ಮಾಡ್ಲಿಲ್ಲ?"

ಅವರು ನನ್ನ ಮುಖ ನೋಡಿದರು.

"ನಮ್ಮ ಮದುವೆಯಾದ ಎಂಟನೇ ವರ್ಷ ಯಾರೋ ನಿಮ್ಮತ್ತೆಗೆ ಆ ಮಾತು ಅಂದ್ರು. ಮೂರು ದಿನ ಅವಳು ಬಾಯೇ ಬಿಡ್ಲಿಲ್ಲ. ಇಂಗ್ಲಿಷ್ ಡಿಕ್ಷನರಿ ತೆಗ್ದೆ, ಅದ್ರಲ್ಲಿ ಆ ಪದ ಇತ್ತು. ಜರ್ಮನ್ ಡಿಕ್ಷನರಿ ತರ್ಸಿದೆ, ಅದ್ರಲ್ಲೂ ಇತ್ತು. ಇಷ್ಟು ದೊಡ್ಡ ಪ್ರಪಂಚದಲ್ಲಿ ಅದಿಲ್ಲದ ಭಾಷೆ ಒಂದಾದ್ರೂ ಬೇಡ್ವಾ ಅನ್ನಿಸ್ತು. ಬಾಕಿ ಪದ ಎಲ್ಲ ಆಮೇಲೆ ಸುಮ್ನೆ ಸೇರ್ಕೊಂಡಿದ್ದು ಮಾರಾಯ್ತಿ."

"ಹಂಗಾದ್ರೆ ಪಲ್ಪರಿನ ಕೈಪಿಡಿ?"

"ಅದು ನಿಮಗೆ ಹೇಳೋಕೆ."

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಆ ಅಳು ನನಗಾಗಿಯೋ, ಅಂದು ಅತ್ತೆಯ ಮುಖಕ್ಕೆ ಟಾರ್ಚು ಬಿಟ್ಟಿದ್ದಕ್ಕೋ ಗೊತ್ತಿಲ್ಲ. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು.

"ಕಾಫ್ ಇಸ್ ಹೀಟ್! ಕೊಮ್, ಕೊಮ್!"

ನಾನು ಅಳು ನಿಲ್ಲಿಸಿ ಮಾವನ ಮುಖ ನೋಡಿದೆ. "ಅತ್ತೆಗೆ ಹಾಲ್ಡಿಶ್ ಬರುತ್ತಾ?"

"ಮೊದಲಿಂದ್ಲೂ ಬರುತ್ತೆ. ನಿಮ್ಮ ಮುಂದೆಲ್ಲ ಮಾತಾಡೋಕೆ ಅವಳಿಗೆ ನಾಚಿಕೆ."

ಸೆರಗಿನಲ್ಲಿ ಮೂಗೊರೆಸಿಕೊಂಡು, ಬಂದೆ ಎನ್ನುವುದಕ್ಕೆ ಗಂಟಲಿನಿಂದ "ಇಖ್ ಕೊಮ್" ಎಂದು ಕೂಗಿದೆ. ಒಳಗೆ ಅತ್ತೆ ನಕ್ಕಿದ್ದು ಕೇಳಿಸಿತು. ಮೊದಲಿಗೆ ಹೇಳಿದ ಲೆಕ್ಕವನ್ನು ದಯವಿಟ್ಟು ತಿದ್ದಿಕೊಳ್ಳಿ. ಹಾಲ್ಡಿಶ್ ಆಡುವವರು ಯಾವತ್ತೂ ಒಬ್ಬರೇ ಆಗಿರಲಿಲ್ಲ, ಇಬ್ಬರಿದ್ದರು. ಆ ದಿನ ಕಾಫಿ ಹೊತ್ತಿಗೆ ಮೂವರಾದೆವು.